ಮಲೆನಾಡಿನ ಮಣ್ಣುದಾರಿಗೆ ಯಾವ ಬೈಕು? ತೂಕದಿಂದ ಆರಂಭವಾಗುವ ಒಂದು ಹೋಲಿಕೆ

ಶಿವಮೊಗ್ಗದಿಂದ ತೀರ್ಥಹಳ್ಳಿಯವರೆಗಿನ ಸುಮಾರು 60 ಕಿಲೋಮೀಟರ್ ಹೆದ್ದಾರಿಯಲ್ಲಿ ಯಾವ ಬೈಕಾದರೂ ಚೆನ್ನಾಗಿಯೇ ಓಡುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಇರುವ ನಿಜವಾದ ವ್ಯತ್ಯಾಸ ತಿಳಿಯುವುದು ಕವಲೇದುರ್ಗದ ಆಚೆ, ನಗರ ಮತ್ತು ನಿಟ್ಟೂರಿನ ಸುತ್ತಲಿನ ಹಳ್ಳಿಗಳಲ್ಲಿ, ಡಾಂಬರು ಮುಗಿದು ಕೆಮ್ಮಣ್ಣು ತೊಡಗುವ ಜಾಗದಲ್ಲಿ. ಒಂದು ಪಕ್ಕಕ್ಕೆ ಧರೆ (ಗುಡ್ಡ ಕಡಿದ ಮಣ್ಣಿನ ಗೋಡೆ), ಇನ್ನೊಂದು ಪಕ್ಕಕ್ಕೆ ಅಡಿಕೆ ತೋಟಕ್ಕೆ ಇಳಿಯುವ ಕಣಿವೆ, ನಡುವೆ ಮಳೆನೀರು ಕೊರೆದ ಜೀಪಿನ ಜಾಡು, ಆ ಜಾಡಿನಲ್ಲಿ ಅಲ್ಲಲ್ಲಿ ತಲೆ ಎತ್ತಿರುವ ಜಂಬಿಟ್ಟಿಗೆ ಕಲ್ಲು. ಇಂಥ ದಾರಿಗಳಲ್ಲಿ ದಿನಗಟ್ಟಲೆ ತಿರುಗಬೇಕೆಂದು ಬೈಕು ಕೊಳ್ಳಲು ಹೊರಟವರಿಗಾಗಿ, ಮುಂದೊಂದು ದಿನ ಅದೇ ಬೈಕಿನಲ್ಲಿ ಸ್ಪಿತಿಗೋ ಲಡಾಖ್‌ಗೋ ಹೋಗಬೇಕೆಂಬ ಆಸೆಯನ್ನೂ ಇಟ್ಟುಕೊಂಡವರಿಗಾಗಿ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ನಮ್ಮ ಭಾಗದವರು ಸಾಮಾನ್ಯವಾಗಿ ತೂಗಿನೋಡುವುದು ನಾಲ್ಕು ಬೈಕುಗಳನ್ನು. ಹೀರೋ ಎಕ್ಸ್‌ಪಲ್ಸ್ 200 4ವಿ ಮೊದಲನೆಯದು. ರಾಯಲ್ ಎನ್‌ಫೀಲ್ಡ್‌ನ ಹಳೆಯ ಹಿಮಾಲಯನ್ 411 ಎರಡನೆಯದು. 2016ರಲ್ಲಿ ಬಂದ ಇದರ ಮಾರಾಟ ನಮ್ಮಲ್ಲಿ ನಿಂತುಹೋಗಿರುವುದರಿಂದ ಈಗ ಸಿಗುವುದು ಸೆಕೆಂಡ್ ಹ್ಯಾಂಡ್ ಮಾತ್ರ. ಮೂರನೆಯದು 2023ರ ನವೆಂಬರ್‌ನಲ್ಲಿ ಬಂದ ಹಿಮಾಲಯನ್ 450. ನಾಲ್ಕನೆಯದು ಕೆಟಿಎಂ 390 ಅಡ್ವೆಂಚರ್. ಕೊಳ್ಳುವವರು ಬಹುತೇಕ ಎಷ್ಟು ಸಿಸಿ, ಎಷ್ಟು ಬಿಎಚ್‌ಪಿ ಎಂಬಲ್ಲಿಂದ ವಿಚಾರಣೆ ಆರಂಭಿಸುತ್ತಾರೆ. ಮಲೆನಾಡಿನ ಮಟ್ಟಿಗೆ ಅದು ತಪ್ಪು ಆರಂಭ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಳಿಜಾರಿನಲ್ಲಿ, ಮಳೆಯಲ್ಲಿ, ಹತ್ತಿರದಲ್ಲಿ ಯಾರೂ ಇಲ್ಲದಾಗ ಬಿದ್ದ ಬೈಕನ್ನು ನಾನೊಬ್ಬನೇ ಎತ್ತಬಲ್ಲೆನೇ ಎಂಬುದು ಮೊದಲ ಪ್ರಶ್ನೆಯಾಗಬೇಕು.

ತೂಕ ಮತ್ತು ಎತ್ತರ

ಈ ಅಭಿಪ್ರಾಯ ನನಗೆ ಪುಸ್ತಕದಿಂದ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ಆಶ್ಲೇಷ ಮಳೆಯ ದಿನಗಳಲ್ಲಿ, ಸ್ನೇಹಿತರಿಂದ ಎರವಲು ತಂದ 190 ಕೆಜಿ ಮೀರಿದ ಬೈಕಿನಲ್ಲಿ, ನಿಟ್ಟೂರಿನ ಆಚೆಯ ಒಂದು ಏರನ್ನು ಹತ್ತುತ್ತಿದ್ದೆ. ಪಾಚಿಗಟ್ಟಿದ ಹಾಸುಗಲ್ಲಿನ ಮೇಲೆ ಹಿಂದಿನ ಚಕ್ರ ಜಾರಿತು, ಬೈಕು ಇಳಿಜಾರಿನ ಕಡೆಗೇ ತಲೆ ಮಾಡಿ ಮಲಗಿತು. ಚಕ್ರಗಳು ಹ್ಯಾಂಡಲ್‌ಗಿಂತ ಮೇಲಿದ್ದವು. ನನಗೆ ಪೆಟ್ಟೇನೂ ಆಗಿರಲಿಲ್ಲ. ಆದರೆ ಮುಕ್ಕಾಲು ಗಂಟೆ ಒದ್ದಾಡಿದರೂ ಅದನ್ನು ನಿಲ್ಲಿಸಲಾಗಲಿಲ್ಲ. ಪ್ರತಿ ಸಲ ಎತ್ತಲು ಹೋದಾಗಲೂ ನನ್ನ ಕಾಲೇ ಜಾರುತ್ತಿತ್ತು. ಕೊನೆಗೆ ತೋಟದ ಕೆಲಸ ಮುಗಿಸಿ ಬರುತ್ತಿದ್ದ ಇಬ್ಬರು ತಮ್ಮ ಕಂಬಳಿಕೊಪ್ಪೆಗಳನ್ನು ಬೇಲಿಯ ಮೇಲೆ ಹಾಕಿ ಕೈಕೊಟ್ಟಿದ್ದರಿಂದ ಕತ್ತಲಾಗುವ ಮೊದಲು ಅಲ್ಲಿಂದ ಹೊರಟೆ. ಅವರು ಆ ದಾರಿಯಲ್ಲಿ ಬಾರದೆ ಹೋಗಿದ್ದರೆ ಬೈಕನ್ನು ಅಲ್ಲಿಯೇ ಬಿಟ್ಟು ನಡೆಯಬೇಕಿತ್ತು.

ಅಂಕಿಗಳನ್ನು ಈ ಅನುಭವದ ಪಕ್ಕದಲ್ಲಿಟ್ಟು ನೋಡಬೇಕು. ಎಕ್ಸ್‌ಪಲ್ಸ್ 200 4ವಿ ಸುಮಾರು 160 ಕೆಜಿ ತೂಗುತ್ತದೆ. ಕೆಟಿಎಂ 390ರ 2020ರ ಮಾದರಿ 177 ಕೆಜಿ, ಎರಡೂ ಹಿಮಾಲಯನ್‌ಗಳು 190ರಿಂದ 200 ಕೆಜಿಯ ನಡುವೆ. ಕಾಗದದ ಮೇಲೆ 35 ಕೆಜಿ ವ್ಯತ್ಯಾಸ ಸಣ್ಣದಾಗಿ ಕಾಣುತ್ತದೆ. ಅದಕ್ಕೆ ಬಟ್ಟೆಯ ಚೀಲ, ಟೆಂಟು, ಸಾಮಾನಿನ ಡಬ್ಬ, ಅವುಗಳನ್ನು ಕಟ್ಟುವ ಕಬ್ಬಿಣದ ಚೌಕಟ್ಟು ಸೇರಿದಾಗ ಭಾರವಾದ ಬೈಕು 220 ಕೆಜಿಯನ್ನು ಸುಲಭವಾಗಿ ದಾಟುತ್ತದೆ. ಹಗುರವಾದದ್ದು ಅಷ್ಟೇ ಸಾಮಾನು ಹೊತ್ತರೂ 190ರ ಒಳಗೇ ನಿಲ್ಲುತ್ತದೆ. ಸಮತಟ್ಟಾದ ಅಂಗಳದಲ್ಲಿ ಸರಿಯಾದ ಕ್ರಮ ತಿಳಿದವರು ಎರಡನ್ನೂ ಎತ್ತುತ್ತಾರೆ. ಮೊದಲು ಎಂಜಿನ್ ಆರಿಸಿ, ಸಾಧ್ಯವಾದರೆ ಗೇರಿನಲ್ಲಿ ಬಿಟ್ಟು, ಬೈಕು ಬಲಕ್ಕೆ ಬಿದ್ದಿದ್ದರೆ ಪಕ್ಕದ ಸ್ಟ್ಯಾಂಡನ್ನು ಮೊದಲೇ ಬಿಚ್ಚಿಟ್ಟು, ಸೀಟಿಗೆ ಬೆನ್ನು ಕೊಟ್ಟು ಕುಳಿತು, ಬೆನ್ನು ಬಗ್ಗಿಸದೆ ಕಾಲಿನ ಬಲದಿಂದ ಹಿಮ್ಮುಖವಾಗಿ ನಡೆದು ಎತ್ತಬೇಕು. ಆದರೆ ಒದ್ದೆಯಾದ ಜೇಡಿಮಣ್ಣಿನಲ್ಲಿ ಕಾಲಿಗೇ ಹಿಡಿತವಿರುವುದಿಲ್ಲವಾದ್ದರಿಂದ ಆ 35 ಕೆಜಿ, ಮನೆಗೆ ಹೋಗುವುದಕ್ಕೂ ಅಲ್ಲೇ ಉಳಿಯುವುದಕ್ಕೂ ಇರುವ ಅಂತರವಾಗುತ್ತದೆ.

ಸೀಟಿನ ಎತ್ತರವನ್ನೂ ಇದರೊಂದಿಗೇ ನೋಡಬೇಕು. ಹಳೆಯ ಹಿಮಾಲಯನ್‌ನ ಸೀಟು 800 ಮಿಲಿಮೀಟರ್, ಎಕ್ಸ್‌ಪಲ್ಸ್ ಮತ್ತು 450 ಎರಡೂ ಸುಮಾರು 825, ಕೆಟಿಎಂನ ಮೊದಲ ಮಾದರಿ 855. ಶೋರೂಮಿನ ನೆಲದಲ್ಲಿ ಬೆರಳ ತುದಿ ತಾಗಿದರೆ ಸಾಕು ಎನಿಸುತ್ತದೆ. ಮಲೆನಾಡಿನ ದಾರಿ ಸಮತಟ್ಟಲ್ಲ, ಒಂದು ಪಕ್ಕಕ್ಕೆ ಓರೆಯಾಗಿರುತ್ತದೆ. ತಗ್ಗಿನ ಕಡೆಗೆ ಇಳಿಬಿಟ್ಟ ಕಾಲಿಗೆ ನೆಲ ಸಿಗದೆ ನಿಂತಲ್ಲಿಯೇ ಬೈಕು ಮಗುಚುವುದು ಇಲ್ಲಿ ಸಾಮಾನ್ಯ. ಐದೂವರೆ ಅಡಿಗಿಂತ ಕಡಿಮೆ ಎತ್ತರದವರು ಹಳೆಯ ಹಿಮಾಲಯನ್‌ನ ತಗ್ಗಾದ ಸೀಟನ್ನು ಅದರ ತೂಕಕ್ಕೆ ಸಿಕ್ಕ ಪರಿಹಾರವೆಂದು ಪರಿಗಣಿಸಬಹುದು. ಈ ಒಂದು ವಿಷಯದಲ್ಲಿ ಎಕ್ಸ್‌ಪಲ್ಸ್ ಅದಕ್ಕೆ ಸಮವಲ್ಲ.

ಎಳೆತ

ಹಿಮಾಲಯನ್ 411ರ ಶಕ್ತಿ ಸುಮಾರು 24 ಪಿಎಸ್ (ಅಶ್ವಶಕ್ತಿ) ಮಾತ್ರವಾದರೂ ಅದರ 32 ಎನ್‌ಎಂ ಎಳೆತ (ಟಾರ್ಕ್) ಎಂಜಿನ್ ನಿಮಿಷಕ್ಕೆ 4,500 ಸುತ್ತು (ಆರ್‌ಪಿಎಂ) ಮುಟ್ಟುವುದರೊಳಗೇ ದೊರೆಯುತ್ತದೆ. ಕಲ್ಲಿನ ಏರಿನಲ್ಲಿ ಮೊದಲ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು, ನಡೆಯುವ ವೇಗದಲ್ಲಿ ಹತ್ತಿಸುವುದು ಅದಕ್ಕೆ ಸಾಧ್ಯ. ಎಕ್ಸ್‌ಪಲ್ಸ್‌ನಲ್ಲಿ 19 ಪಿಎಸ್, 17 ಎನ್‌ಎಂ ಚಿಲ್ಲರೆ. ಅದನ್ನು ಪಡೆಯಲು ಎಂಜಿನ್ನನ್ನು ಹೆಚ್ಚು ಸುತ್ತಿಸಬೇಕು, ಕ್ಲಚ್ಚನ್ನು ಅರ್ಧ ಹಿಡಿದು ಆಡಿಸಬೇಕು. ಹೊಸಬರು ಇದನ್ನು ದೌರ್ಬಲ್ಯವೆಂದು ತಿಳಿಯುತ್ತಾರೆ. ಎರಡು ವಾರ ಅಭ್ಯಾಸವಾದ ಮೇಲೆ ಕೆಸರಿನಲ್ಲಿ ಇದೇ ಗುಣ ಉಪಕಾರಿಯಾಗುತ್ತದೆ, ಏಕೆಂದರೆ ಕಡಿಮೆ ಎಳೆತದ ಚಕ್ರ ಇದ್ದಕ್ಕಿದ್ದಂತೆ ಸುತ್ತಿ ಜಾರುವುದು ಕಡಿಮೆ. 450ರಲ್ಲಿ 40 ಪಿಎಸ್ ಮತ್ತು 40 ಎನ್‌ಎಂ ಇದೆ, ಕೆಟಿಎಂನ 2020ರ ಮಾದರಿಯ 373 ಸಿಸಿ ಎಂಜಿನ್‌ನಲ್ಲಿ 43 ಪಿಎಸ್ ಮತ್ತು 37 ಎನ್‌ಎಂ. ಇವೆರಡರ ಹುರುಪು ಇರುವುದು ನಡು ಮತ್ತು ಮೇಲಿನ ಆರ್‌ಪಿಎಂಗಳಲ್ಲಿ. ಬೆಂಗಳೂರಿನಿಂದ ಪ್ರತಿ ವಾರಾಂತ್ಯ ಹೆದ್ದಾರಿಯಲ್ಲಿ ಬಂದು ಹೋಗುವವರಿಗೆ ಅದು ನಿಜವಾದ ಲಾಭ. ಸಾಗರದಲ್ಲೋ ಕೊಪ್ಪದಲ್ಲೋ ಮನೆಯಿದ್ದು, ಗೇಟು ದಾಟಿದೊಡನೆ ಮಣ್ಣುದಾರಿ ಸಿಗುವವರು ಆ ಹೆಚ್ಚಿನ ಶಕ್ತಿಗೆ ಹಣ ಕೊಟ್ಟರೂ ಅದನ್ನು ಬಳಸುವ ಸಂದರ್ಭ ಅವರಿಗೆ ಬರುವುದೇ ಇಲ್ಲ. 450ರ ಬೆಲೆ ಎಕ್ಸ್‌ಪಲ್ಸ್‌ನ ಹೆಚ್ಚುಕಡಿಮೆ ಇಮ್ಮಡಿ ಎಂಬುದನ್ನು ಇಲ್ಲಿ ನೆನಪಿಡಬೇಕು.

ಚಕ್ರ, ಟೈರು, ಬ್ರೇಕು

ಮುಂದಿನ ಚಕ್ರ 21 ಇಂಚು ಇದ್ದರೆ ಕಲ್ಲು ಮತ್ತು ಗುಂಡಿಗಳ ಮೇಲೆ ಉರುಳಿ ಹೋಗುತ್ತದೆ. ಚಿಕ್ಕದಿದ್ದಷ್ಟೂ ಅದೇ ಗುಂಡಿಗೆ ಇಳಿದು ಬಡಿಯುತ್ತದೆ. ಎಕ್ಸ್‌ಪಲ್ಸ್ ಮತ್ತು ಎರಡೂ ಹಿಮಾಲಯನ್‌ಗಳಲ್ಲಿ 21 ಇಂಚಿನ ಕಡ್ಡಿಚಕ್ರವಿದೆ. ಕೆಟಿಎಂನ 2020ರ ಮಾದರಿಯಲ್ಲಿ 19 ಇಂಚಿನ ಅಲಾಯ್ ಚಕ್ರವಿತ್ತು. ಕಡ್ಡಿಚಕ್ರ ಕಲ್ಲಿಗೆ ಬಡಿದರೆ ಬಾಗುತ್ತದೆ, ಅದನ್ನು ಕಡ್ಡಿ ಬಿಗಿಸಿ ಸರಿಮಾಡಿಸಬಹುದು. ಅಲಾಯ್ ಬಿರುಕು ಬಿಟ್ಟರೆ ಪ್ರವಾಸ ಅಲ್ಲಿಗೆ ಮುಗಿಯುತ್ತದೆ. ಸೆಕೆಂಡ್ ಹ್ಯಾಂಡ್ ಕೆಟಿಎಂ ಕೊಳ್ಳುವವರು ಎರಡೂ ರಿಮ್ಮುಗಳ ಅಂಚನ್ನು ಬೆರಳಾಡಿಸಿ ನೋಡಬೇಕು. ಅಲಾಯ್ ಪರವಾಗಿ ಹೇಳಬೇಕಾದ ಒಂದು ಮಾತೂ ಇದೆ: ಅದರಲ್ಲಿ ಟ್ಯೂಬ್‌ಲೆಸ್ ಟೈರು ಇರುವುದರಿಂದ ಪಂಕ್ಚರ್ ಆದರೆ ದಾರದಂಥ ಪ್ಲಗ್ ತುರುಕಿ ಹತ್ತು ನಿಮಿಷದಲ್ಲಿ ಹೊರಡಬಹುದು. ಟ್ಯೂಬ್ ಇರುವ ಚಕ್ರವನ್ನು ಬಿಚ್ಚಿ, ಲಿವರ್ ಹಾಕಿ, ಟ್ಯೂಬ್ ಬದಲಿಸುವುದನ್ನು ಮನೆಯಂಗಳದಲ್ಲಿ ಎರಡು ಸಲವಾದರೂ ಮಾಡಿ ಕಲಿಯದೆ ಟ್ಯೂಬ್ ಚಕ್ರದ ಎಕ್ಸ್‌ಪಲ್ಸ್ ಅಥವಾ ಹಿಮಾಲಯನ್ ಹತ್ತಿ ಕಾಡಂಚಿಗೆ ಹೋಗಬಾರದು.

ಬೈಕು ಬದಲಿಸುವುದಕ್ಕಿಂತ ಟೈರು ಬದಲಿಸುವುದು ಹೆಚ್ಚು ಫಲ ಕೊಡುತ್ತದೆ ಎಂಬುದನ್ನು ಬಹಳ ಜನ ಒಪ್ಪುವುದಿಲ್ಲ. ಮಳೆಗಾಲದ ಕೆಮ್ಮಣ್ಣು ಟೈರಿನ ಸಂದುಗಳಲ್ಲಿ ತುಂಬಿ ಅದನ್ನು ನುಣುಪು ಉರುಳೆಯನ್ನಾಗಿ ಮಾಡುತ್ತದೆ. ಉಬ್ಬುಗಳು ದೂರ ದೂರವಿರುವ, ಮಣ್ಣನ್ನು ಕೊಡವಿಕೊಳ್ಳುವ ಟೈರು ಹಾಕಿದ ಹಗುರ ಬೈಕು, ಹೆದ್ದಾರಿ ಟೈರಿನ ದುಬಾರಿ ಬೈಕನ್ನು ಯಾವ ಏರಿನಲ್ಲಾದರೂ ಹಿಂದೆ ಹಾಕುತ್ತದೆ. ಅಂಥ ಟೈರು ಡಾಂಬರಿನ ಮೇಲೆ ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ, ಒದ್ದೆ ಘಾಟಿಯಲ್ಲಿ ಕಡಿಮೆ ಹಿಡಿತ ಕೊಡುತ್ತದೆ. ಆಗುಂಬೆಯ 14 ತಿರುವುಗಳನ್ನು ಮಳೆಯಲ್ಲಿ ಇಳಿಯುವಾಗ ಇದನ್ನು ಮರೆಯಬಾರದು. ಮಣ್ಣಿಗೆ ಇಳಿದಾಗ ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ತಗ್ಗಿಸಿದರೆ ಹಿಡಿತ ಹೆಚ್ಚುತ್ತದೆ. ಅದಕ್ಕಿಂತ ಬಹಳ ತಗ್ಗಿಸಿದರೆ ಟೈರು ರಿಮ್ಮಿನ ಮೇಲೆ ಜರುಗಿ ಟ್ಯೂಬಿನ ವಾಲ್ವ್ ಹರಿಯುತ್ತದೆ. ಮತ್ತೆ ಡಾಂಬರು ಸಿಕ್ಕಾಗ ತುಂಬಿಸಲು ಸಣ್ಣದೊಂದು ಪಂಪು ಜೊತೆಯಲ್ಲಿರಬೇಕು.

ಕಡಿದಾದ ಮಣ್ಣಿನ ಇಳುಕಲಿನಲ್ಲಿ ಹಿಂದಿನ ಎಬಿಎಸ್ ತೊಂದರೆ ಕೊಡುತ್ತದೆ: ಚಕ್ರ ಕಚ್ಚಿಕೊಳ್ಳಲು ಬಿಡದೆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವುದರಿಂದ ಬೈಕು ನಿಲ್ಲದೆ ಇಳಿಯುತ್ತಲೇ ಹೋಗುತ್ತದೆ. ಎಕ್ಸ್‌ಪಲ್ಸ್‌ನಲ್ಲಿ ಎಬಿಎಸ್ ಇರುವುದು ಮುಂದಿನ ಚಕ್ರಕ್ಕೆ ಮಾತ್ರ. 450ರಲ್ಲಿ ಹಾಗೂ 2020ರ ನಂತರದ 411ರಲ್ಲಿ ಹಿಂದಿನದನ್ನು ಆರಿಸಬಹುದು, ಕೆಟಿಎಂನಲ್ಲಿ ಆಫ್‌ರೋಡ್ ಮೋಡ್ ಇದೆ. ಹಾಗಾಗಿ ಈ ವಿಷಯದಲ್ಲಿ ಆಯ್ಕೆಗೆ ದೊಡ್ಡ ಕಾರಣವಿಲ್ಲ. ಪರದೆ, ನಕ್ಷೆ, ಮೋಡುಗಳ ಸಂಖ್ಯೆಯ ಬಗ್ಗೆಯೂ ನಾನು ಹೆಚ್ಚು ಹೇಳುವುದಿಲ್ಲ. ಕಾನಿನ (ದಟ್ಟ ಕಾಡಿನ) ಒಳಗೆ ಮೊಬೈಲ್ ಸಿಗ್ನಲ್ಲೇ ಇರುವುದಿಲ್ಲ.

ಕೆಟ್ಟು ನಿಂತಾಗ

ಹಳ್ಳ ದಾಟುವಾಗ ಬೈಕು ನೀರಿನಲ್ಲಿ ಬಿದ್ದರೆ ಮತ್ತೆ ಸ್ಟಾರ್ಟ್ ಒತ್ತಲೇಬಾರದು. ಸಿಲಿಂಡರಿನೊಳಗೆ ನೀರು ಹೊಕ್ಕಿದ್ದರೆ ಅದು ಒತ್ತಿದರೂ ಕುಗ್ಗುವುದಿಲ್ಲವಾದ್ದರಿಂದ ಪಿಸ್ಟನ್ನಿನ ಕೋಲೇ ಬಾಗುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಎಂಜಿನ್ ಸುತ್ತಿಸಿ ನೀರನ್ನು ಹೊರಹಾಕಿ, ಏರ್ ಫಿಲ್ಟರ್ ಒಣಗಿಸಿದ ಮೇಲೆಯೇ ಪ್ರಯತ್ನಿಸಬೇಕು. ಗಾಳಿ ಮತ್ತು ಎಣ್ಣೆಯಿಂದ ತಣಿಯುವ ಎಕ್ಸ್‌ಪಲ್ಸ್ 200, ಹಿಮಾಲಯನ್ 411 ಇಂಥ ಕೆಲಸಕ್ಕೆ ಸರಳ. ನೀರಿನಿಂದ ತಣಿಯುವ 450 ಮತ್ತು 390ರಲ್ಲಿ ಎಲ್ಲವೂ ಒತ್ತೊತ್ತಾಗಿ ಕೂಡಿರುತ್ತದೆ, ಜೊತೆಗೆ ಮುಂದಿರುವ ರೇಡಿಯೇಟರಿಗೆ ಕಲ್ಲಿನ ಪೆಟ್ಟು ಮತ್ತು ಕೆಸರಿನ ಲೇಪದ ಭಯವಿದೆ. ಹೊಸನಗರ, ಶೃಂಗೇರಿ, ಕಳಸದಂಥ ಊರುಗಳಲ್ಲಿ ಕೈ ಪಳಗಿದ ಮೆಕ್ಯಾನಿಕ್‌ಗಳಿದ್ದಾರೆ; ಸರಳ ಎಂಜಿನ್ ಆದರೆ ಅವರು ಒಂದು ದಾರಿ ಹುಡುಕಿ ಕೊಡುತ್ತಾರೆ.

ಇಲ್ಲಿ ಒಂದು ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ನಾವು ಸಾಹಸವೆಂದು ಕರೆಯುವ ಈ ದಾರಿಗಳಲ್ಲಿ ಇಲ್ಲಿನವರು ಪ್ರತಿದಿನ ಹಾಲಿನ ಕ್ಯಾನು, ಅಡಿಕೆ ಮೂಟೆ ಹೇರಿಕೊಂಡು ಓಡಾಡುವುದು 112 ಕೆಜಿಯ ಸ್ಪ್ಲೆಂಡರ್‌ನಲ್ಲಿ, ಅದಕ್ಕಿಂತ ಹಗುರವಾದ ಟಿವಿಎಸ್ ಎಕ್ಸ್‌ಎಲ್‌ನಲ್ಲಿ. ಕಾಲುಸಂಕದ ಮೇಲೆ ತಳ್ಳಿಕೊಂಡು, ಬೇಲಿಯ ಉಣುಗೋಲಿನ ಸಂದಿಯಲ್ಲಿ ನುಗ್ಗಿಸಿಕೊಂಡು ಹೋಗಲು ಅವು ಸಾಧ್ಯ ಮಾಡಿಕೊಡುತ್ತವೆ. ಮನೆಯಲ್ಲಿ ಅಂಥ ಬೈಕು ಇರುವವರು ಹೊಸದನ್ನು ಕೊಳ್ಳುವ ಮೊದಲು ಒಂದು ಬೇಸಿಗೆ ಅದರಲ್ಲಿಯೇ ತಿರುಗಿ ನೋಡಬಹುದು. ನೆಲದಿಂದ 165 ಮಿಲಿಮೀಟರ್ ಅಂತರ ಮತ್ತು ಗಿಡ್ಡ ಸಸ್ಪೆನ್ಷನ್ ಎಲ್ಲಿ ಸಾಲದಾಗುತ್ತದೆ ಎಂಬುದು ತಿಳಿದರೆ, ಎಕ್ಸ್‌ಪಲ್ಸ್‌ನ 220 ಮಿಲಿಮೀಟರ್ ಅಂತರಕ್ಕೆ, ಮುಂದಿನ 190 ಮಿಲಿಮೀಟರ್ ಸಸ್ಪೆನ್ಷನ್‌ಗೆ ಏಕೆ ಹಣ ಕೊಡುತ್ತಿದ್ದೇವೆಂಬುದೂ ತಿಳಿಯುತ್ತದೆ.

ಕಾಲ ಮತ್ತು ಜಾಗ

ಬೈಕಿನಷ್ಟೇ ಕಾಲದ ಆಯ್ಕೆಯೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಹುಲಿಕಲ್, ಮಾಸ್ತಿಕಟ್ಟೆ ಭಾಗದಲ್ಲಿ ಧರೆ ಕುಸಿಯುತ್ತದೆ, ಮರ ಬೀಳುತ್ತದೆ, ಹಳ್ಳಗಳು ಒಂದು ಗಂಟೆಯಲ್ಲಿ ಏರುತ್ತವೆ. ಈ ತಿಂಗಳುಗಳಲ್ಲಿ 190 ಕೆಜಿಯ ಬೈಕಿನಲ್ಲಿ ಒಬ್ಬರೇ ಕಚ್ಚಾದಾರಿಗೆ ಹೋಗುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಮಣ್ಣು ಗಟ್ಟಿಯಾಗಿ, ಇನ್ನೂ ಧೂಳೇಳದೆ, ನಾಲ್ಕೂ ಬೈಕುಗಳಿಗೆ ಒಪ್ಪುವ ಕಾಲ. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಎಚ್ಚರ ಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ರೋಗ ಉಣುಗುಗಳ ಕಡಿತದಿಂದ ಹರಡುತ್ತದೆ. ಅವು ದರಗಿನಲ್ಲಿ, ಹುಲ್ಲಿನಲ್ಲಿ ಇರುತ್ತವೆ. ಬೈಕು ನಿಲ್ಲಿಸಿ ಒಣ ಎಲೆಗಳ ಮೇಲೆ ಮಲಗುವುದು, ಅಲ್ಲಿ ಟೆಂಟು ಹಾಕುವುದು ಬೇಡ. ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು, ಸಂಜೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು. ಮಂಗ ಸತ್ತುಬಿದ್ದ ಸುದ್ದಿಯಿರುವ ಊರಿನ ಕಾಡಿಗೆ ಹೋಗಲೇಬಾರದು.

ಎಲ್ಲಿ ಓಡಿಸಬಹುದು ಎಂಬುದರಲ್ಲಿ ಆಯ್ಕೆಗೆ ಅವಕಾಶ ಕಡಿಮೆ. ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ; ಕೊಡಚಾದ್ರಿ ಮೂಕಾಂಬಿಕಾ ವನ್ಯಧಾಮದ ಭಾಗ; ಶೆಟ್ಟಿಹಳ್ಳಿ, ಭದ್ರಾ, ಶರಾವತಿ ಕಣಿವೆ ಎಲ್ಲವೂ ವನ್ಯಧಾಮಗಳೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇವುಗಳ ಒಳದಾರಿಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ. 1,343 ಮೀಟರ್ ಎತ್ತರದ ಕೊಡಚಾದ್ರಿಯ ನೆತ್ತಿಯ ಕಡೆಗೆ ಸ್ಥಳೀಯರ ಜೀಪಿನಲ್ಲಿ ಹೋಗುವುದೇ ಸರಿ. ಶೋಲಾ ಹುಲ್ಲುಗಾವಲಿನ ಮೇಲೆ ಒಂದು ಸಲ ಚಕ್ರ ಹಾಯ್ದರೆ ಆ ಗೆರೆಯಲ್ಲಿಯೇ ಮುಂದಿನ ಮಳೆಯ ನೀರು ಹರಿದು ಕೊರಕಲಾಗುತ್ತದೆ. ನಾವು ಒಂದು ಮಧ್ಯಾಹ್ನ ಮಾಡಿದ ಗಾಯ ವರ್ಷಗಟ್ಟಲೆ ಉಳಿಯುತ್ತದೆ. ನಮಗೆ ಉಳಿದಿರುವುದು ಹಳ್ಳಿಯಿಂದ ಹಳ್ಳಿಗೆ ಹೋಗುವ ಪಂಚಾಯಿತಿಯ ಕಚ್ಚಾರಸ್ತೆಗಳು, ಮಾಲೀಕರನ್ನು ಕೇಳಿ ಹೋಗಬಹುದಾದ ತೋಟದ ದಾರಿಗಳು, ಶರಾವತಿ ಹಿನ್ನೀರಿನ ಆಚೆ ತುಮರಿ ಸೀಮೆಯ ಮಣ್ಣುರಸ್ತೆಗಳು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ತುಮರಿಗೆ ಲಾಂಚ್ ಕಾಯದೆ ಹೋಗಬಹುದು. ಒಂದು ಜೀವಮಾನಕ್ಕೆ ಅಷ್ಟು ದಾರಿ ಸಾಲದೆ ಬರುವುದಿಲ್ಲ.

ಅದೇ ಬೈಕು ಸ್ಪಿತಿಗೆ ಆಗುತ್ತದೆಯೇ

ಸಮುದ್ರಮಟ್ಟದಿಂದ ಸುಮಾರು 4,550 ಮೀಟರ್ ಎತ್ತರದ ಕುಂಜುಮ್ ಕಣಿವೆಮಾರ್ಗದಲ್ಲಿ ಗಾಳಿಯ ಒತ್ತಡ ಕರಾವಳಿಯಲ್ಲಿರುವುದರ ಶೇಕಡಾ 60ಕ್ಕಿಂತಲೂ ಕಡಿಮೆ. ಫ್ಯುಯೆಲ್ ಇಂಜೆಕ್ಷನ್ ಪೆಟ್ರೋಲನ್ನು ಅದಕ್ಕೆ ಹೊಂದಿಸಿಕೊಡುತ್ತದೆ, ಇಲ್ಲದ ಆಮ್ಲಜನಕವನ್ನು ತಂದುಕೊಡಲಾರದು. ಎಕ್ಸ್‌ಪಲ್ಸ್‌ನ 19 ಪಿಎಸ್ ಅಲ್ಲಿ ಹತ್ತಿರ ಹತ್ತಿರ 11 ಆಗುತ್ತದೆ. 450ರ 40 ಪಿಎಸ್ ಸುಮಾರು 23ಕ್ಕೆ ಇಳಿಯುತ್ತದೆ, ಅಂದರೆ ಶಿವಮೊಗ್ಗದಲ್ಲಿ ಹಿಮಾಲಯನ್ 411 ಕೊಡುವಷ್ಟು. ಮಲೆನಾಡಿನಲ್ಲಿ ವ್ಯರ್ಥವೆನಿಸಿದ ಶಕ್ತಿಗೆ ಅಲ್ಲಿ ಅರ್ಥ ಬರುತ್ತದೆ. ಒಬ್ಬರೇ, ಕಡಿಮೆ ಸಾಮಾನಿನೊಂದಿಗೆ ಹೋಗುವುದಾದರೆ ಎಕ್ಸ್‌ಪಲ್ಸ್ ನಿಧಾನವಾಗಿಯಾದರೂ ಹತ್ತುತ್ತದೆ. ಹಿಂದೆ ಇನ್ನೊಬ್ಬರು ಕುಳಿತರೆ 450ನ್ನೇ ಆರಿಸಬೇಕು. ಪೆಟ್ರೋಲಿನ ಲೆಕ್ಕದಲ್ಲಿ ಅಂತರವಿಲ್ಲ: ಮನಾಲಿ–ಲೇಹ್ ದಾರಿಯ ತಾಂಡಿಯಲ್ಲಿ ಮುಂದಿನ ಬಂಕ್ 365 ಕಿಲೋಮೀಟರ್ ದೂರವೆಂದು ಹೇಳುವ ಫಲಕ ಪ್ರಸಿದ್ಧ, ಎಕ್ಸ್‌ಪಲ್ಸ್‌ನ 13 ಲೀಟರ್, 450ರ 17 ಲೀಟರ್ ಎರಡೂ ಅಷ್ಟು ದೂರಕ್ಕೆ ಅಂಚಿನಲ್ಲಿ ಸಾಲುತ್ತವೆ, ಆದ್ದರಿಂದ ಎರಡರ ಸವಾರರೂ ಕ್ಯಾನಿನಲ್ಲಿ ಹೆಚ್ಚುವರಿ ಒಯ್ಯಬೇಕು.

ಸವಾರರ ದೇಹಕ್ಕೂ ಅದೇ ಗಾಳಿ. 3,000 ಮೀಟರ್ ದಾಟಿದ ಮೇಲೆ ಹಿಂದಿನ ರಾತ್ರಿ ಮಲಗಿದ್ದ ಎತ್ತರಕ್ಕಿಂತ 500 ಮೀಟರ್‌ಗೂ ಹೆಚ್ಚು ಮೇಲೆ ಮಲಗಬಾರದು ಎಂಬ ನಿಯಮವನ್ನು ಪಾಲಿಸುವಷ್ಟು ದಿನಗಳನ್ನು ರಜೆಯಲ್ಲಿ ಇಟ್ಟುಕೊಳ್ಳಬೇಕು.

ನಮ್ಮ ಬೈಕನ್ನೇ ಒಯ್ಯಬೇಕೆ, ಅಲ್ಲಿ ಬಾಡಿಗೆಗೆ ಪಡೆಯಬೇಕೆ ಎಂಬುದಕ್ಕೆ ನನ್ನ ಉತ್ತರ ರಜೆಯ ಉದ್ದವನ್ನು ಅವಲಂಬಿಸಿದೆ. ಮೂರು ವಾರಕ್ಕಿಂತ ಕಡಿಮೆಯಿದ್ದರೆ ಬಾಡಿಗೆಯೇ ಸರಿ. ಸ್ವಂತ ಬೈಕನ್ನು ರೈಲಿನ ಪಾರ್ಸೆಲ್‌ನಲ್ಲಿ ಕಳಿಸುವವರು ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ಖಾಲಿ ಮಾಡಿ, ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿಗಳನ್ನು ಕೊಡಬೇಕು. ಬೈಕು ತಲುಪುವ ದಿನ ನಿಶ್ಚಿತವಲ್ಲವಾದ್ದರಿಂದ ಒಂದೆರಡು ದಿನ ಕೈಯಲ್ಲಿರಬೇಕು. ಲಡಾಖ್‌ನ ಒಳಗೆ ಸುತ್ತಲು ಮನಾಲಿಯ ಬಾಡಿಗೆ ಬೈಕನ್ನು ಅಲ್ಲಿನವರು ಬಿಡುವುದಿಲ್ಲ, ಲೇಹ್‌ನಲ್ಲಿಯೇ ಬೇರೆ ಪಡೆಯಬೇಕಾಗುತ್ತದೆ. ನಮ್ಮ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲವಾದ್ದರಿಂದ ಪೋಸ್ಟ್‌ಪೇಯ್ಡ್ ಬೇಕು. ಬದುಕಿನಲ್ಲಿ ಒಂದೋ ಎರಡೋ ಸಲ ಮಾಡುವ ಆ ಪ್ರವಾಸಕ್ಕಾಗಿ, ವರ್ಷದ ಐವತ್ತು ವಾರ ನಮ್ಮ ಕೆಸರಿನಲ್ಲಿ ಎತ್ತಲಾಗದ ಬೈಕನ್ನು ಕೊಳ್ಳಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಆ ಬೈಕು ಇರುವ ಪರಿಚಯದವರನ್ನು ಒಪ್ಪಿಸಿ, ಮಳೆ ಬಿದ್ದ ಮರುದಿನ ಸ್ವಲ್ಪ ಇಳಿಜಾರಾದ ಬ್ಯಾಣಕ್ಕೆ (ಹುಲ್ಲುಗಾವಲಿಗೆ) ಅದನ್ನು ಒಯ್ದು, ಹಳೆಯ ಗೋಣಿಚೀಲಗಳನ್ನು ಹಾಸಿ ಅವುಗಳ ಮೇಲೆ ನಿಧಾನವಾಗಿ ಮಲಗಿಸಿ, ಒಬ್ಬರೇ ಎತ್ತಿ ನಿಲ್ಲಿಸಿ. ಒಂದು ಸಲ ಎತ್ತಿದ್ದು ಸಾಲದು. ಮಣ್ಣುದಾರಿಯ ಒಂದು ದಿನದಲ್ಲಿ ಬೈಕು ಮೂರು ಸಲವಾದರೂ ಬೀಳುತ್ತದೆ, ಆದ್ದರಿಂದ ಮೂರು ಸಲ ಎತ್ತಿ. ಮೂರನೆಯ ಸಲವೂ ಕೈಕಾಲು ನಡುಗದೆ ನಿಲ್ಲಿಸಿದಿರಾದರೆ ಮುಂಗಡ ಕೊಡಬಹುದು.